ಮಂಚದ ಬಾಜು ಒಂದು ಪಾಮ್ ಗಿಡ

ಮೊನ್ನೆ ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ಮಳೆ ಜೋರಾಗಿತ್ತು. ಸೀಟಿ ಊದಿ ಬಸ್ಸು ಬಿಡಿಸಬೇಕು ಎನ್ನುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಸೆರಗು ತಲೆಯ ಮೇಲೆ ಎಳೆದುಕೊಂಡು ಓಡಿಬಂದು ಹತ್ತಿದರು. ಹಣೆ ತುಂಬ ಹಚ್ಚಿದ್ದ ವಿಭೂತಿ ತೊಯ್ದು ಹುಬ್ಬಿನ ಮೇಲೆ ಇಳಿದಿತ್ತು. ಟಿಕೆಟ್ ಕೊಡಲು ಹತ್ತಿರ ಹೋದೆ. ಆ ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ಮಷೀನಿನ ಮೇಲೆ ಹಾಗೇ ನಿಂತುಬಿಟ್ಟಿತು.

"ಗದಗಕ್ಕ ಅಂತ ಎರಡ ಸಲ ಹೇಳಿದ್ನಲ್ಲ ಬೇ ತಂಗಿ, ಕಿವಿ ಎಲ್ಲಿಟ್ಟಿ?" ಎಂದರು ಆಕೆ. ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ.

ಬೇರೆಯವರಿಗೆ ಆ ವಾಸನೆ ಬಂದರೆ ದೇವರ ಕೋಣೆ ನೆನಪಾಗುತ್ತದೇನೋ. ನನಗೆ ನೆನಪಾಗುವುದು ಒಂದು ಮಳೆಗಾಲ, ಒಂದು ಮಂಚ, ಮಂಚದ ಬಾಜು ಒಂದು ಕುಂಡ. ನಾಲ್ಕು ವರ್ಷದ ಹಿಂದಿನ ಮಾತು. ಆ ಐದೂವರೆ ತಿಂಗಳು ನಾನು ಬಸ್ಸು ಹತ್ತಲಿಲ್ಲ, ಆಸ್ಪತ್ರೆಗೆ ಬಿಟ್ಟರೆ ಹೊಸ್ತಿಲೂ ದಾಟಲಿಲ್ಲ. ನನ್ನಂಥವಳನ್ನು ಮಲಗಿಸುವುದಕ್ಕಿಂತ ಜೈಲಿಗೆ ಹಾಕುವುದು ಸುಲಭವಿತ್ತು. ಅಲ್ಲಿ ಕನಿಷ್ಠ ಓಡಾಡಬಹುದು.

ಆ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ನನಗೆ ಮೂರೂವರೆ ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಬಸಿರಾಗಿದ್ದೆ, ಎರಡೂ ಸಲ ಐದನೆಯ ತಿಂಗಳಲ್ಲಿ ಕಳೆದುಕೊಂಡಿದ್ದೆ. ಮೂರನೆಯ ಸಲ ಹುಬ್ಬಳ್ಳಿಯ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರು. "ಬಾಯಿ ಸಡ್ಲ ಐತಿ ನಿಂದು, ಭಾರ ತಡಿಯಂಗಿಲ್ಲ. ಉಣ್ಣಾಕ, ಬಚ್ಚಲಕ್ಕ ಅಷ್ಟ ಏಳು. ಉಳದದ್ದಕ್ಕ ಏಳಬ್ಯಾಡ" ಎಂದರು.

"ಎಷ್ಟ ದಿವಸ್ರಿ?"

"ಹೊಲಿಗಿ ಬಿಚ್ಚೂತನಕ. ಕಾರ್ತೀಕ ಮುಗೀಬೇಕು."

ಹೊರಗೆ ಇನ್ನೂ ಮುಂಗಾರಿನ ಮೊದಲ ಬಿತ್ತನೆ ನಡೆದಿತ್ತು. ಕಾರ್ತೀಕವೆಂದರೆ ಕಡಲೆ ಬಿತ್ತಿ, ಅದು ಮೊಳಕಾಲೆತ್ತರ ಬಂದಿರುವ ಹೊತ್ತು. ನಾನು ಮನಸ್ಸಿನಲ್ಲೇ ಬೆಳೆಗಳನ್ನು ಎಣಿಸಿದೆ. ಹೆಸರು ಬಿತ್ತಬೇಕು, ಬೆಳೆಯಬೇಕು, ಕಾಳು ಬಿಡಲೆಂದು ರಸ್ತೆಯ ಮೇಲೆ ಹಾಕಿ ನಮ್ಮ ಬಸ್ಸುಗಳಿಂದಲೇ ತುಳಿಸಬೇಕು, ಆಮೇಲೆ ಕಡಲೆ. ಅಷ್ಟು ದಿನ ಅಂಗಾತ ಮಲಗುವುದು. ಬಾಗಿಲಿಗೆ ಹೋಗಿ ವಾಪಸ್ಸು ತಿರುಗಿ, "ಬಸ್ಸಿನ ಕುಲುಕಾಟಕ್ಕ ಹೋದ್ವೇನ್ರಿ ಮೊದಲಿನ ಎರಡೂ?" ಎಂದು ಕೇಳಿದೆ. ಓಣಿಯ ಹೆಂಗಸರೆಲ್ಲ ಹಾಗೆಯೇ ಆಡಿಕೊಂಡಿದ್ದರು. ಡಾಕ್ಟರಮ್ಮ ಅಲ್ಲವೆಂದರು. ನಾನು ಅರ್ಧ ನಂಬಿದೆ.

ನಮ್ಮ ಮನೆ ಅಣ್ಣಿಗೇರಿಯ ಹಳೇ ಓಣಿಯಲ್ಲಿದೆ. ಮೊಳದಗಲದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಿಟಕಿಯಿಲ್ಲದ ನಡುಮನೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯೊಂದರಿಂದಲೇ. ಅದಕ್ಕೆ ನನ್ನ ಗಂಡ ಮಹಾಂತೇಶ ಗಾಜು ಕೂರಿಸಿದ್ದ. ಅವನದು ಪಂಪಿನ ಮೋಟರು ರಿಪೇರಿ ಅಂಗಡಿ. ಮಳೆ ಹೋದರೆ ಅವನಿಗೆ ಕೆಲಸ, ಮಳೆ ಬಂದರೆ ನಮ್ಮ ನಾಲ್ಕೆಕರೆ ಕಪ್ಪು ಎರೆಹೊಲಕ್ಕೆ ಕೆಲಸ. ನಡುಮನೆಯಲ್ಲಿ ನನ್ನ ಮಂಚ ಹಾಕಿದರು. ಮನೆಯಲ್ಲಿದ್ದದ್ದು ನಾವು ಮೂವರು. ಮೂರನೆಯವರು ನನ್ನ ಅತ್ತೆ, ಗಂಗವ್ವ.

ಅತ್ತೆ ಬೆಳಗಿನ ಜಾವ ಎದ್ದು, ಮಿಂದು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಾರೆ. ಜ್ವರವಿರಲಿ, ನೆಂಟರಿರಲಿ, ಒಂದು ದಿನ ತಪ್ಪಿಸಿದ್ದನ್ನು ನಾನು ನೋಡಿಲ್ಲ. ಮೊದಲಿನ ಎರಡು ಬಸಿರಿನಲ್ಲೂ ಆ ಪೂಜೆಯ ನೀರನ್ನು ದಿನಾ ಬೆಳಿಗ್ಗೆ ನನಗೆ ಕುಡಿಸಿದ್ದರು. ಎರಡನೆಯದೂ ಹೋಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಲೋಟ ಹಿಡಿದು ಬಂದ ಅತ್ತೆಗೆ ನಾನು, "ಇನ್ನ ಮ್ಯಾಲೆ ಇದನ್ನ ನನ್ನ ಮುಂದ ತರಬ್ಯಾಡ್ರಿ. ಏನೂ ಆಗಲಿಲ್ಲ ಇದರಿಂದ" ಎಂದಿದ್ದೆ. ಅತ್ತೆ ಲೋಟ ವಾಪಸ್ಸು ತೆಗೆದುಕೊಂಡು ಹೋದರು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಮೂರನೆಯ ಸಲ ಅವರು ಲೋಟ ತರಲೂ ಇಲ್ಲ.

ಮೊದಲ ಹದಿನೈದು ದಿನ ಎಲ್ಲರ ಪ್ರಾಣ ತಿಂದೆ. ಊಟ ಸಪ್ಪಗಿದೆ ಎಂದು ಜಗಳ, ಫ್ಯಾನು ಕಿರುಗುಡುತ್ತದೆ ಎಂದು ಜಗಳ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿದರೆ ಯಾವ ಡ್ರೈವರು, ಎಷ್ಟು ನಿಮಿಷ ತಡ ಎಂದು ಹೇಳುತ್ತಿದ್ದೆ. ಕೇಳುವವರು ಯಾರೂ ಇರುತ್ತಿರಲಿಲ್ಲ. ಹನ್ನೊಂದು ವರ್ಷ ನಿಂತು ಕೆಲಸ ಮಾಡಿದ ಕಾಲುಗಳು ಮಲಗಿದಲ್ಲೇ ಒದ್ದಾಡುತ್ತಿದ್ದವು. ಆ ಕಾಲು ಅಲುಗಿದರೆ ಎದೆ ಧಸಕ್ಕೆನ್ನುತ್ತಿತ್ತು, ಹೊಲಿಗೆ ಬಿಟ್ಟೀತೆಂದು. ಅಲುಗದೆ ಇದ್ದರೆ ತಲೆ ಕೆಡುತ್ತಿತ್ತು. ಒಂದು ಸಂಜೆ ಮಹಾಂತೇಶ ಏನೋ ಸಮಾಧಾನ ಹೇಳಲು ಬಂದಾಗ ದಿಂಬು ತೆಗೆದು ಅವನ ಮೇಲೆ ಎಸೆದೆ.

ಮರುದಿನವೇ ಇರಬೇಕು, ಹುಸೇನ ಕಾಕಾ ಬಂದರು. ನನ್ನ ಜೊತೆ ನಾಲ್ಕು ವರ್ಷ ಡ್ಯೂಟಿ ಮಾಡಿದ ಡ್ರೈವರು. ಅವರ ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡ, ಅದರಲ್ಲಿ ಗೇಣಿಗಿಂತ ತುಸು ಎತ್ತರದ ಹಸಿರು ಗಿಡ. ಬೆರಳಿನಷ್ಟೂ ದಪ್ಪವಿಲ್ಲದ ಕಡ್ಡಿಗಳು ಒತ್ತೊತ್ತಾಗಿ ನಿಂತಿದ್ದವು, ಒಂದೊಂದಕ್ಕೂ ಗರಿಯಂಥ ಎಲೆ.

"ಪಾರ್ಲರ್ ಪಾಮ್ ಅಂತಾರಂತ ಇದಕ್ಕ. ಹುಬ್ಬಳ್ಳಿ ನರ್ಸರ್‍ಯಾಗ ಸಿಕ್ತು. ಬಿಸಲ ಬ್ಯಾಡಂತ, ಗಾಳಿ ಬ್ಯಾಡಂತ. ಮನ್ಯಾಗ ಮೂಲ್ಯಾಗ ಸುಮ್ಮನ ಬೆಳೀತೈತಂತ" ಎಂದು ಕಾಕಾ ಮಂಚದ ಬಾಜು ಸ್ಟೂಲಿನ ಮೇಲೆ ಇಟ್ಟರು. "ಇದನ್ನ ನೋಡಿ ಕಲ್ಕೋ ಸ್ವಲ್ಪ."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಈಚಲ ಗಿಡ ಇದ್ದಂಗ ಐತೆಲ್ಲೋ ಹುಸೇನಾ. ಹೂವಿಲ್ಲ, ಹಣ್ಣಿಲ್ಲ. ಕಸಬರಗಿ ಮಾಡಾಕ ತಂದೀಯೇನ?"

"ನೋಡಾಕ ರೀ ಅವ್ವಾರ, ಬರೇ ನೋಡಾಕ."

ಇಂಥ ಸಂಗತಿ ಅತ್ತೆಗೆ ಅರ್ಥವಾಗುವಂಥದ್ದಲ್ಲ. ಆದರೆ ನನಗೆ ಆ ದಿನವೇ ಅದು ಹಿಡಿಸಿತು. ಮಗ್ಗುಲಾದರೆ ಕೈಗೆಟಕುವಷ್ಟು ಹತ್ತಿರ. ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಒದ್ದೆ ಬಟ್ಟೆಯಿಂದ ಎಲೆಗಳ ಧೂಳು ಒರೆಸಬೇಕು. ಬೆರಳನ್ನು ಮಣ್ಣಿಗೆ ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ನಮ್ಮ ಬೋರಿನ ನೀರು ಸವಳು, ಅದನ್ನು ಹಾಕಿದರೆ ಎಲೆಯ ತುದಿ ಸುಡುತ್ತದೆ. ಹಾಗಾಗಿ ಮಾಳಿಗೆಯ ಅಂಚಿನ ದೋಣಿಯಿಂದ ಬೀಳುವ ಮಳೆನೀರನ್ನು ಒಂದು ಕೊಡದಲ್ಲಿ ಹಿಡಿದಿಡಲು ಹೇಳಿದೆ. ಎಂಟು ದಿನಕ್ಕೊಮ್ಮೆ ಒಂದು ಲೋಟ. ಕಡ್ಡಿಗಳನ್ನು ಎಣಿಸಿದೆ, ಹದಿನಾಲ್ಕು. ಬಸ್ಸು ಹತ್ತಿದ ತಕ್ಷಣ ತಲೆ ಎಣಿಸುವುದು ನನ್ನ ಕೈಗೆ ಅಂಟಿದ ಚಟ.

ಮಹಾಂತೇಶನಿಗೆ ಆ ಪ್ಲಾಸ್ಟಿಕ್ ಕುಂಡ ಬಡತನದ್ದಾಗಿ ಕಂಡಿತು. ಭಾನುವಾರ ಸಂತೆಯಿಂದ ದೊಡ್ಡ ಮಣ್ಣಿನ ಕುಂಡ ತಂದ. ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತಂದು ಪುಡಿ ಮಾಡಿದ.

"ವಿಡಿಯೋದಾಗ ಉಸುಕ ಬೆರೆಸ್ರಿ ಅಂತಾನ" ಎಂದೆ.

"ಅವರಿಗೇನ ಗೊತ್ತ ಬಿಡ. ನಮ್ಮ ಎರಿಯೊಳಗ ಕಟಗಿ ಹುಗದ್ರೂ ಚಿಗೀತೈತಿ" ಎಂದು, ನರ್ಸರಿಯ ಹಗುರ ಮಣ್ಣನ್ನೆಲ್ಲ ಕೊಡವಿ, ಗಿಡವನ್ನು ಎರೆಮಣ್ಣಿನಲ್ಲಿ ಕೂರಿಸಿ, ಅಂಗೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡಿದ. ಅಣ್ಣಿಗೇರಿಯವರ ಮುಂದೆ ಎರೆಮಣ್ಣಿನ ಮೇಲೆ ಕೆಟ್ಟ ಮಾತಾಡುವ ಧೈರ್ಯ ಯಾರಿಗಿದೆ. ನಾನೂ ಅದೇ ಮಣ್ಣಿನ ಸೊಸೆ, ಸುಮ್ಮನಾದೆ.

ಆಷಾಢದಲ್ಲಿ ಒಂದು ಕಡ್ಡಿಯ ನಡುವಿನಿಂದ ಸೂಜಿಯಂಥ ಸುಳಿ ಎದ್ದಿತು. ದಿನಾ ನೋಡುತ್ತಿದ್ದೆ. ಹನ್ನೆರಡನೆಯ ದಿನ ಅದು ಬಿಚ್ಚಿತು, ತಿಳಿಹಸಿರು, ಮುಟ್ಟಿದರೆ ಹರಿಯುವಷ್ಟು ಮೆತ್ತಗೆ. ಅದೇ ವಾರ ಹೊಟ್ಟೆಯಲ್ಲಿ ಮೊದಲ ಸಲ ಪುಳಕ್ಕೆಂದಿತು. ಎರಡನ್ನೂ ನಾನು ಒಂದಕ್ಕೊಂದು ಗಂಟು ಹಾಕಿದೆ. ಯಾರಿಗೂ ಹೇಳಲಿಲ್ಲ. ಅತ್ತೆಯ ಲೋಟದ ನೀರನ್ನು ಹೀಯಾಳಿಸಿದವಳು ಈಗ ಕುಂಡದ ಗಿಡಕ್ಕೆ ಹರಕೆ ಹೊತ್ತವಳಂತಾಗಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆ ಇರಬೇಡವೇ. ಆದರೆ ಒಳಗೆ ಅದು ಹಾಗೆಯೇ ಇತ್ತು. ಇದು ಚಿಗುರಿದರೆ ಅದು ಉಳಿಯುತ್ತದೆ.

ಪಂಚಮಿ ಬಂತು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಹೆಂಗಸರ ಕೇಕೆ, ಹಗ್ಗದ ಜೀಕು, "ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ" ಎಂಬ ಕೂಗು ಗೋಡೆ ದಾಟಿ ಬರುತ್ತಿತ್ತು. ನಾನು ಸಣ್ಣವಳಿದ್ದಾಗ ತವರೂರು ಸಂಶಿಯಲ್ಲಿ ನನ್ನಷ್ಟು ಎತ್ತರ ಜೀಕುವವರು ಇರಲಿಲ್ಲ. ಅತ್ತೆ ಎಳ್ಳುಂಡಿ, ಶೇಂಗಾ ಉಂಡಿ ತಟ್ಟೆಯಲ್ಲಿಟ್ಟು ಹೋದರು. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಎರಡು ಕಾರಣಕ್ಕೆ ಅಳು ಬಂತು. ಒಂದು, ಆಗ ನನಗೆ ಐದನೆಯ ತಿಂಗಳು ನಡೆದಿತ್ತು. ಎರಡು, ಅವತ್ತು ಬೆಳಿಗ್ಗೆ ಎಲೆ ಒರೆಸುವಾಗ ಮೂರು ಎಲೆಗಳ ತುದಿ ಕಂದಾಗಿದ್ದನ್ನು ಕಂಡಿದ್ದೆ.

ಮುಂದಿನ ವಾರ ಕೆಳಗಿನ ಎಲೆಗಳು ಹಳದಿಯಾದವು. ನೀರು ಕಡಿಮೆ ಮಾಡಿದೆ. ಆಮೇಲೆ ನಿಲ್ಲಿಸಿಯೇ ಬಿಟ್ಟೆ. ಆದರೂ ಬೆರಳು ಊರಿದರೆ ಮಣ್ಣು ಒದ್ದೆ. ಮಾಳಿಗೆ ಸೋರುತ್ತಿದೆ ಎಂದುಕೊಂಡು ಮಹಾಂತೇಶನನ್ನು ಮಳೆಯಲ್ಲೇ ಮೇಲೆ ಹತ್ತಿಸಿದೆ. ಅವನು ಇದ್ದಬದ್ದ ಬಿರುಕಿಗೆಲ್ಲ ಸವಳುಮಣ್ಣು ಮೆತ್ತಿ, ತೊಯ್ದು ತೊಪ್ಪೆಯಾಗಿ ಇಳಿದು ಬಂದ. ಒಂದು ಹನಿಯೂ ಸೋರಿರಲಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಒಂದು ಪದರು ಕಟ್ಟಿತ್ತು, ನೀರಿನ ಉಪ್ಪು ಇರಬೇಕೆಂದುಕೊಂಡೆ. "ಬೋರಿನ ನೀರ ಹಾಕಿದ್ರೇನು?" ಎಂದು ಅವನನ್ನು ಕೇಳಿದೆ, ಅವನು ಇಲ್ಲ ಎಂದು ಆಣೆ ಮಾಡಿದ. ಒಂದೊಂದೇ ಕಡ್ಡಿ ಬುಡದಲ್ಲಿ ಕಪ್ಪಾಗುತ್ತಿತ್ತು. ಹಗಲೆಲ್ಲ ಗಿಡ ನೋಡುವುದು, ಹೊಟ್ಟೆ ಮುಟ್ಟಿಕೊಳ್ಳುವುದು, ಮತ್ತೆ ಗಿಡ ನೋಡುವುದು, ಇದೇ ಆಯಿತು ನನಗೆ. ಡಾಕ್ಟರಮ್ಮ ಬಿಪಿ ಏರಿದೆ ಎಂದು ಗುಳಿಗೆ ಬರೆದರು. ಆ ಗುಳಿಗೆಗೆ ಬೆಳಗಿನ ಜಾವ ಗಾಢ ನಿದ್ದೆ ಬರುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಮಾತ್ರ, ಯಾಕೋ, ಬೆಳಕು ಹರಿಯುವಾಗಲೇ ಎಚ್ಚರವಾಯಿತು. ಅತ್ತೆ ಮಿಂದ ಕೂದಲನ್ನು ಗಂಟು ಹಾಕಿಕೊಂಡು, ತಾಮ್ರದ ಗಿಂಡಿ ಹಿಡಿದು, ಸಪ್ಪಳವಾಗದಂತೆ ನಡುಮನೆಗೆ ಬಂದರು. ಕುಂಡದ ಮುಂದೆ ಕೂತರು. ಒಂದು ಕೈಯನ್ನು ಕುಂಡದ ಅಂಚಿನ ಮೇಲಿಟ್ಟು, ತುಟಿಯಲ್ಲೇ ಏನೋ ಅನ್ನುತ್ತ, ವಿಭೂತಿ ಕರಗಿ ಬೂದಿಬಣ್ಣವಾದ ನೀರನ್ನು ಗಿಡದ ಬುಡಕ್ಕೆ ಸುರಿದರು. ಆ ವಾಸನೆ ಮಂಚದವರೆಗೆ ಬಂತು.

"ಅತ್ತೀ, ಏನ ಮಾಡಾಕತ್ತೀರಿ?"

ಬೆಚ್ಚಿಬಿದ್ದರು. "ಏನಿಲ್ಲವಾ. ಪೂಜಿ ನೀರು. ತುಳಿಯೂ ಜಾಗಾದಾಗ ಚೆಲ್ಲಬಾರದಲ್ಲ, ಅದಕ್ಕ."

"ಹಿತ್ತಲದಾಗ ಪತ್ರಿ ಗಿಡ ಐತೆಲ್ರಿ. ಇಷ್ಟ ವರ್ಷ ಅದಕ್ಕ ಹಾಕೀರಿ."

ಅತ್ತೆ ಕುಂಡದ ಅಂಚಿಗೆ ತಾಗಿದ ಬೂದಿಯನ್ನು ಬೆರಳಿನಿಂದ ಒರೆಸಿದರು.

"ಎಂದಿನಿಂದ ಹಾಕಾಕತ್ತೀರಿ?"

"ಅದು ಬಂದ ಮರುದಿನದಿಂದ."

ಎರಡು ತಿಂಗಳು. ದಿನಾ ಒಂದು ಗಿಂಡಿ. ನೀರು ಹಿಡಿದರೆ ಬಿಡದ ಎರೆಮಣ್ಣು, ಅದರ ಮೇಲೆ ಬೂದಿ. ಮಾಳಿಗೆಯನ್ನು ಬೈದದ್ದು, ಗಂಡನನ್ನು ಬೈದದ್ದು, ನಿದ್ದೆಗೆಟ್ಟದ್ದು ಎಲ್ಲ ಒಟ್ಟಿಗೆ ಮೇಲೆ ಬಂತು. "ಎರಡ ಸಲ ನನಗ ಕುಡಿಸಿ ನೋಡಿದ್ರಿ. ಈಗ ಇದಕ್ಕ ಕುಡಿಸಿ ಕೊಲ್ಲಾಕ ಕುಂತೀರೇನು?" ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಹಿಡಿಯಲು ಆಗುತ್ತದೆಯೇ. ಅತ್ತೆ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದರು. ಐದು ದಿನ ನನ್ನೊಡನೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಗುಳಿಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬೆಳಿಗ್ಗೆ ಮಳೆಯಲ್ಲಿ ಅವರು ಹಿತ್ತಲಿನ ರಾಡಿ ತುಳಿದು ಪತ್ರಿ ಗಿಡದವರೆಗೆ ಹೋಗಿ ಬರುವ ಸಪ್ಪಳವನ್ನು ಕೇಳುತ್ತ ಮಲಗಿರುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಕ್ಷಮಿಸಿರಿ ಅನ್ನಬೇಕೆಂದು ಬಾಯಿ ತೆರೆದಾಗಲೆಲ್ಲ ಕಣ್ಣು ಆ ಕಪ್ಪಾದ ಬುಡದ ಮೇಲೆ ಬೀಳುತ್ತಿತ್ತು, ಮತ್ತೆ ಸಿಟ್ಟು ಬರುತ್ತಿತ್ತು.

ಆರನೆಯ ದಿನ ಹುಸೇನ ಕಾಕಾ ಒಂದು ಚೀಲ ಮಸಾರಿ ಮಣ್ಣು ತಂದು ಹೊಸ್ತಿಲ ಒಳಗೆ ಇಳಿಸಿದರು. ಮಹಾಂತೇಶ ಫೋನು ಮಾಡಿದ್ದನಂತೆ. ಕಾಕಾ ಆಗ ಕಲಘಟಗಿ ಕಡೆಯ ಡ್ಯೂಟಿಯಲ್ಲಿದ್ದರು. "ತಂಬೂರ ಊರಾಗಿನ ಕೆಂಪ ಮಣ್ಣು. ಇದರಾಗ ನೀರ ನಿಂದರಂಗಿಲ್ಲ, ಕೆಳಗ ಓಡತೈತಿ. ನಿನ್ನಂಗ ಐತಿ" ಎಂದು ನಕ್ಕು, ಬಸ್ಸು ಬಿಡುವ ಹೊತ್ತಾಯಿತೆಂದು ಹೊರಟರು. ಮಹಾಂತೇಶ ಅಂಗಡಿಗೆ ಹೋಗಿದ್ದ. ಮನೆಯಲ್ಲಿ ಉಳಿದವರು ನಾವಿಬ್ಬರೇ, ಮಾತು ಬಿಟ್ಟವರು.

ನಾನು ಮಂಚದಿಂದ ಇಳಿಯುವಂತಿಲ್ಲ. ಸ್ವಲ್ಪ ಹೊತ್ತು ಚೀಲವನ್ನು ನೋಡುತ್ತ ಮಲಗಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆ ಕೈ ತೊಳೆದುಕೊಂಡು ಬಂದು, ಹಳೆಯ ಗೋಣಿತಟ್ಟು ಹಾಸಿ, ಕುಂಡವನ್ನು ಕೆಳಗಿಳಿಸಿ ಕೂತರು.

"ಹೇಳು. ಹೆಂಗ ತಗೀಬೇಕು?" ಎಂದರು.

ಹೇಳಿದೆ. ಅವರು ಕುಂಡವನ್ನು ವಾರೆ ಮಾಡಿ, ಅಂಚನ್ನು ಮೆಲ್ಲಗೆ ತಟ್ಟಿ, ಮಣ್ಣುಗಡ್ಡೆಯನ್ನು ಇಡಿಯಾಗಿ ಹೊರತೆಗೆದರು. ಮೆತ್ತಿದ ಎರೆಮಣ್ಣಿನೊಳಗೆ ಬೇರುಗಳು ಕಪ್ಪಾಗಿ, ಲೋಳೆಯಾಗಿ, ಕೆಟ್ಟ ವಾಸನೆ ಹೊಡೆಯುತ್ತಿದ್ದವು. ಬೆಳ್ಳಗಿರುವ ಬೇರು ಇಟ್ಟುಕೊಳ್ಳಬೇಕು, ಕಪ್ಪು ಬೇರು ಕತ್ತರಿಸಬೇಕು ಎಂದೆ. ಹೊಲದಲ್ಲಿ ಕಸ ಆಯ್ದ ಕೈ ಅದು, ಒಂದು ಬಿಳಿ ಎಳೆಯೂ ಹರಿಯದಂತೆ ಬಿಡಿಸಿತು. ಹದಿನಾಲ್ಕರಲ್ಲಿ ಒಂಬತ್ತು ಸತ್ತಿದ್ದವು. ಅವನ್ನು ಒಂದರ ಪಕ್ಕ ಒಂದು ಗೋಣಿತಟ್ಟಿನ ಮೇಲೆ ಇಟ್ಟರು. ಐದು ಉಳಿದವು.

ಐದನ್ನೂ ಎಡಗೈಯಲ್ಲಿ ಎತ್ತಿ ಹಿಡಿದು, ತಲೆ ಎತ್ತದೆ ಕೇಳಿದರು. "ಇವೂ ಸತ್ತರ ಏನಂತ ತಿಳ್ಕೋತಿ ನೀ?"

ಸುಳ್ಳು ಹೇಳಲು ಹೋದೆ, ಬಾಯಿ ಬರಲಿಲ್ಲ. "ಇದು ಸತ್ತರ ಹೊಟ್ಯಾಗಿಂದೂ ಉಳಿಯಂಗಿಲ್ಲ ಅನಸ್ತೈತ್ರಿ."

"ಹ್ಞೂಂ" ಎಂದರು. ಮಸಾರಿ ಮಣ್ಣನ್ನು ಬೊಗಸೆಯಲ್ಲಿ ತುಂಬಿದರು. "ನನಗೂ ಹಂಗ ಅನಿಸಿತ್ತು. ನೀ ಕುಡಿಯಂಗಿಲ್ಲ ಅಂದಿ. ನಿನ್ನ ಬಾಜು ಜೀವ ಇರೂದು ಇದೊಂದ. ಇದಕ್ಕರ ಮುಟ್ಟಲಿ, ಇದರಿಂದ ನಿನಗ ಮುಟ್ಟತೈತಿ ಅಂತ ಹಾಕಿದೆ. ಕೊಲ್ಲಾಕ ಹಾಕಲಿಲ್ಲವಾ ನಾ."

ಆ ಕ್ಷಣ ಮಂಚದಿಂದ ಹಾರಿ ಅವರ ಕಾಲು ಹಿಡಿಯಬೇಕೆನಿಸಿತು. ಅದೂ ಆಗುವಂತಿರಲಿಲ್ಲ. ಕೈ ಚಾಚಿದೆ, ಅವರ ಮಣ್ಣುಗೈ ಸಿಕ್ಕಿತು. "ತಪ್ಪಾತ್ರಿ ಅತ್ತಿ. ನಾಳಿಂದ ನನಗ ಕೊಡ್ರಿ ಆ ನೀರು" ಎಂದೆ.

"ನಂಬಿಕಿ ಇಲ್ಲದ ಕುಡದ್ರ ಬರೇ ನೀರ ಅದು."

"ಬರೇ ನೀರರ ಆಗ್ಲಿ. ನೀರಡಿಸೇತಿ ನನಗ."

"ಬಾಯಿಗೇನ ಕಮ್ಮಿ ಇಲ್ಲ ನಿನಗ" ಎಂದು ಅತ್ತೆ ಕೈ ಕೊಡವಿಕೊಂಡರು. ಮರುದಿನ ಬೆಳಿಗ್ಗೆ ಲೋಟ ಬಂತು. ನಂಬಿ ಕುಡಿದೆ ಎಂದು ಈಗಲೂ ಹೇಳಲಾರೆ. ಆದರೆ ಪೂರ್ತಿ ಕುಡಿದೆ.

ಐದು ಕಡ್ಡಿಗಳು ಮಸಾರಿಯಲ್ಲಿ ಒಂದು ತಿಂಗಳು ನೆಟ್ಟಗೆ ನಿಂತವು. ಗಿಡಕ್ಕೆ ನೀರು ಹಾಕುವ ಹಕ್ಕು ಯಾರಿಗೂ ಇಲ್ಲ, ನಾನೊಬ್ಬಳೇ ಎಂದು ಕಾನೂನು ಮಾಡಿದೆ. ಅಣ್ಣಿಗೇರಿಯ ರಸ್ತೆಗಳ ಮೇಲೆ ಹೆಸರಿನ ರಾಶಿ ಹರಡಿ, ಬಸ್ಸುಗಳು ಅದರ ಮೇಲೆ ಹಾದು, ಹೊಟ್ಟು ಗಾಳಿಗೆ ಹಾರಿ ನಮ್ಮ ಬೆಳಕಿಂಡಿಯ ಗಾಜಿನ ಮೇಲೂ ಕೂತಿತು. ಐದನೆಯ ತಿಂಗಳು ಎಂದೋ ದಾಟಿತ್ತು, ಆರು ದಾಟಿತು, ಏಳು ನಡೆಯಿತು. ನನ್ನ ಕಾಲುಗಳು ಒದ್ದಾಡುವುದನ್ನು ಮರೆತಿರಲಿಲ್ಲ. ಆದರೆ ಈಗ ಒಳಗಿನಿಂದಲೂ ಒಂದು ಒದೆಯುತ್ತಿತ್ತು.

ದಸರೆಯ ಹಿಂದಿನ ವಾರ ಸೊಂಟದಿಂದ ನೋವು ಶುರುವಾಯಿತು. ಬಿಟ್ಟು ಬಿಟ್ಟು ಬರುತ್ತಿತ್ತು. ಮಹಾಂತೇಶ ಕಾರು ತರಿಸಿ ಹುಬ್ಬಳ್ಳಿಗೆ ಕರೆದೊಯ್ದ. ಅತ್ತೆ ಮನೆ ನೋಡಿಕೊಳ್ಳಲು ಉಳಿದರು. ದಾರಿಯುದ್ದಕ್ಕೂ ಒಂದೊಂದು ತಗ್ಗಿಗೂ ನಾನು ಸೀಟನ್ನು ಗಟ್ಟಿಯಾಗಿ ಹಿಡಿದೆ. ಹನ್ನೊಂದು ವರ್ಷ ಓಡಾಡಿದ ರಸ್ತೆ ಅದು, ಯಾವ ತಗ್ಗು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅವತ್ತು ಅದೇ ಶಿಕ್ಷೆಯಾಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು, ಇಂಜೆಕ್ಷನ್ ಕೊಟ್ಟರು, ನೋವು ನಿಂತಿತು. ಹೊಲಿಗೆ ಗಟ್ಟಿಯಿತ್ತು. ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಕೇಳಿಸಿ, "ಹೋಗು, ಇನ್ನೂ ಏಳ ವಾರ ಹಿಂಗ ಮಲ್ಕೋ" ಎಂದರು ಡಾಕ್ಟರಮ್ಮ.

ಮನೆಗೆ ಬಂದು ಮಂಚದ ಮೇಲೆ ಮಲಗಿಸಿದರು. ಮಗ್ಗುಲಾದೆ. ಕುಂಡ ಅದರ ಜಾಗದಲ್ಲೇ ಇತ್ತು. ಐದೂ ಕಡ್ಡಿ ಒಣಗಿ, ಎಲೆ ತರಗಾಗಿ ಜೋತುಬಿದ್ದಿದ್ದವು. ಕೊಳೆತ ಬೇರು ಕತ್ತರಿಸಿದ ಮೇಲೆ ಉಳಿದದ್ದು ಗಿಡಕ್ಕೆ ಸಾಕಾಗಿರಲಿಲ್ಲ. ಹೊಸ ಮಣ್ಣಿನಲ್ಲಿ ಹಳೆಯ ಕಸುವಿನ ಮೇಲೆ ತಿಂಗಳು ದೂಡಿತ್ತು, ಅಷ್ಟೇ. ನನ್ನ ಕೈ ಹೊಟ್ಟೆಗೆ ಹೋಯಿತು. ಮಹಾಂತೇಶ ಬಾಗಿಲಲ್ಲೇ ನಿಂತು ತಾಯಿಯ ಮೇಲೆ ರೇಗಿದ. "ಯವ್ವಾ, ಇದನ್ನ ತಗದ ಒಗೀಬಾರದೇನು? ಅಕಿ ಬರೂದು ಗೊತ್ತಿತ್ತಿಲ್ಲ?"

"ಬೇಕಂತ ಬಿಟ್ಟೇನಿ. ನೋಡಲಿ ಅಕಿ" ಎಂದರು ಅತ್ತೆ. ನನ್ನ ಮುಂದೆ ಬಂದು ನಿಂತರು. ಧ್ವನಿ ಗಟ್ಟಿಯಿತ್ತು. "ನೋಡು ಗಿರಿಜಾ. ಗಿಡ ಸತ್ತೈತಿ. ಹೊಟ್ಯಾಗಿಂದ ಐತಿಲ್ಲ?"

"ಐತ್ರಿ."

"ಒದೀತೈತಿಲ್ಲ?"

"ಹೌದ್ರಿ."

"ಮುಗೀತು. ಅದು ಬ್ಯಾರೆ, ಇದು ಬ್ಯಾರೆ. ಇನ್ನ ಇದರ ಹಣೆಬರಹ ಯಾವ ಗಿಡದಾಗೂ ನೋಡಬ್ಯಾಡ" ಎಂದು, ಕುಂಡವನ್ನು ಎರಡೂ ಕೈಯಿಂದ ಎತ್ತಿಕೊಂಡು ಹಿತ್ತಲಿಗೆ ನಡೆದರು. ಆ ಮಾತು ಕೇಳಿದ್ದೇ ತಡ, ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತು, ಹಾಗೆಯೇ ನಿದ್ದೆಹೋದೆ.

ಆಮೇಲಿನ ಏಳು ವಾರ ಮಂಚದ ಬಾಜು ಏನೂ ಇರಲಿಲ್ಲ. ಕಾಕಾ ಇನ್ನೊಂದು ಗಿಡ ತರುತ್ತೇನೆ ಎಂದರು, ಬೇಡವೆಂದೆ. ನೋಡಲು ಸುಣ್ಣದ ಗೋಡೆಯೊಂದೇ. ಆ ಏಳು ವಾರವೇ ಎಲ್ಲಕ್ಕಿಂತ ಉದ್ದ. ದಿಂಬು ಎಸೆಯುವ ಸ್ವಭಾವ ಹೋಗಲಿಲ್ಲ, ಎರಡು ಸಲ ಎಸೆದೆ. ಆದರೆ ಯಾವುದಕ್ಕೂ ಗಂಟು ಹಾಕದೆ, ಯಾವ ಸುಳಿಯನ್ನೂ ಕಾಯದೆ, ಮಗುವನ್ನು ಮಗುವೆಂದೇ ಕಾಯುವುದನ್ನು ಕಲಿತೆ. ಧೈರ್ಯ ಕಡಿಮೆಯಾದಾಗಲೆಲ್ಲ ಅತ್ತೆಯ ಆ ಗಟ್ಟಿ ಧ್ವನಿಯನ್ನು ನೆನೆದುಕೊಳ್ಳುತ್ತಿದ್ದೆ. ಇಷ್ಟು ಪೂಜೆ ಪುನಸ್ಕಾರದ ಹೆಂಗಸು ಶಕುನ ಅಪಶಕುನವನ್ನೆಲ್ಲ ಒಂದೇ ಮಾತಿನಲ್ಲಿ ಆಚೆ ದೂಡಿದರಲ್ಲ, ಅವರಿಗೇ ಹೆದರಿಕೆಯಿಲ್ಲದ ಮೇಲೆ ನನಗೇಕೆ ಎನ್ನುತ್ತಿದ್ದೆ.

ಕಾರ್ತೀಕ ಮುಗಿಯುತ್ತ ಬಂದಾಗ ಹೊಲಿಗೆ ಬಿಚ್ಚಿದರು. ಒಂಬತ್ತು ದಿನದ ಮೇಲೆ ಹುಬ್ಬಳ್ಳಿಯ ಅದೇ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ತೂಕ ಸ್ವಲ್ಪ ಕಡಿಮೆ, ಗಂಟಲು ಮಾತ್ರ ಬಸ್ ನಿಲ್ದಾಣಕ್ಕೆ ಕೇಳುವಂಥದ್ದು.

ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದರು, ಮತ್ತೊಮ್ಮೆ ನೋಡಿದರು. ಆಮೇಲೆ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತುಬಿಟ್ಟರು. ಮಹಾಂತೇಶ ಕುರ್ಚಿ ಎಳೆದು ಅವರನ್ನು ಕೂರಿಸಬೇಕಾಯಿತು.

"ಯಾಕ್ರಿ ಅತ್ತಿ?" ಎಂದೆ.

ಅವರು ಮಗುವಿನ ಮುಖದಿಂದ ಕಣ್ಣು ಕೀಳದೆ ಹೇಳಿದರು. "ಅವತ್ತ ನೀವು ದವಾಖಾನಿಗೆ ಹೋದ ಮೂರನೇ ದಿನ ಆ ಗಿಡ ಒಣಗಿತು. ಅದರ ಮುಂದ ದಿನಾಪೂರ್ತಿ ಕುಂತಿದ್ದೆ. ಒಲಿ ಹಚ್ಚಲಿಲ್ಲ, ನೀರ ಕುಡೀಲಿಲ್ಲ. ಇದೂ ಹೋತು ಅಂತ ಖಾತ್ರಿ ಆಗಿತ್ತು ನನಗ. ನೀ ಮನಿಗೆ ಬಂದಾಗೂ ಖಾತ್ರಿನ ಇತ್ತು. ಇವತ್ತ ಬೆಳಗ್ಗಿತನಕ ಇತ್ತು."

ಏಳು ವಾರ ನಾನು ಆತುಕೊಂಡು ಮಲಗಿದ್ದ ಗೋಡೆಯೇ ಅಲುಗಿದಂತಾಯಿತು.

"ಹಂಗಾರ ಅವತ್ತ ನನ್ನ ಮುಂದ ನಿಂತು ಅಷ್ಟ ಗಟ್ಟಿ ಹೇಳಿದ್ದು ಸುಳ್ಳೇನ್ರಿ?"

"ಹೌದ ಬೇ, ಸುಳ್ಳ" ಎಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ಮಗುವನ್ನು ನನ್ನ ಬಾಜು ಮಲಗಿಸಿದರು. "ಏನೀಗ? ಇನ್ನೂ ಏಳ ವಾರ ಮಲಗಬೇಕಿತ್ತಲ್ಲ ನೀ."